ತಿದಿ ಇಲ್ಲದ ಕುಲುಮೆ

ನನ್ನ ಗಂಡ ತೀರಿಕೊಂಡ ಮೇಲೆ ಕುಲುಮೆಯ ಬಾಗಿಲನ್ನು ನಾನಾಗಿ ತೆಗೆಯಲಿಲ್ಲ. ಒಬ್ಬ ಗಿರಾಕಿ ತೆಗೆಸಿದರು. ವೈಕುಂಠದ ಊಟ ಮುಗಿದು ನೆಂಟರೆಲ್ಲ ಹೊರಟುಹೋದ ಮಾರನೇ ಬೆಳಿಗ್ಗೆ ಅವರು ಅಂಗಳದಲ್ಲಿ ನಿಂತಿದ್ದರು. ನಗರ ಎಂಬ ಊರಿನ ಕಡೆಯವರು, ನನ್ನ ಗಂಡನ ಹಳೇ ಗಿರಾಕಿ. ಚಪ್ಪಲಿ ಬಿಡಬೇಕೋ ಬೇಡವೋ ಎಂದು ಗೊತ್ತಾಗದೆ ಒಂದು ಕಾಲಿನದು ಬಿಟ್ಟು ಇನ್ನೊಂದರದ್ದು ಹಾಗೇ ಇಟ್ಟುಕೊಂಡಿದ್ದರು.

"ಹಿಂಗೆ ಕೇಳೋ ಹೊತ್ತಲ್ಲ ಅಂತ ಗೊತ್ತು ನಂಗೆ. ನನ್ನದೊಂದು ಕತ್ತಿ ಇತ್ತು ಒಳಗೆ. ತಟ್ಟಿಸಕ್ಕೆ ಕೊಟ್ಟಿದ್ದೆ."

ನಾನು ಬೀಗದಕೈ ತಂದು ಬಾಗಿಲು ತೆಗೆದೆ. ನಮ್ಮ ಕುಲುಮೆ ಹೊಸನಗರದ ಪೇಟೆ ಮುಗಿಯುವಲ್ಲಿ ರಸ್ತೆಗೆ ತಾಗಿಕೊಂಡೇ ಇದೆ. ಹಿಂದೆ ಮನೆ, ಮುಂದೆ ತಗಡಿನ ಮಾಡು. ಅದರ ಒಂದು ಬದಿಗೆ ಗೇಟು, ಕಿಟಕಿ ಗ್ರಿಲ್ಲು ಮಾಡುವ ವೆಲ್ಡಿಂಗ್ ಮಿಷನ್ನು, ಇನ್ನೊಂದು ಬದಿಗೆ ಇದ್ದಿಲಿನ ಒಲೆ, ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು, ನೀರಿನ ತೊಟ್ಟಿ. ಗೋಡೆಯಲ್ಲಿ ಮೊಳೆಗೆ ನೇತುಹಾಕಿದ ಕತ್ತಿ, ಕುಡುಗೋಲು. ಮೂಲೆಯಲ್ಲಿ ಹಾರೆ, ಗುದ್ದಲಿ, ಪಿಕಾಸಿ. ಎಲ್ಲ ಜನ ಕೊಟ್ಟು ಹೋದದ್ದು. ಯಾವುದು ಯಾರದ್ದು ಎಂದು ನನ್ನ ಗಂಡನಿಗೆ ಮಾತ್ರ ಗೊತ್ತಿತ್ತು. ಬಂದವರು ತಮ್ಮ ಕತ್ತಿಯನ್ನು ತಾವೇ ಹುಡುಕಿ ತೆಗೆದುಕೊಂಡರು. ಅದರ ಬಾಯಿ ಮೊಂಡಾಗಿಯೇ ಇತ್ತು. ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡಿದರು. ಅದನ್ನು ಮತ್ತೆ ಅದೇ ಮೊಳೆಗೆ ಸಿಕ್ಕಿಸಿದರು.

"ಇರ್ಲಿ. ಯಾರಾದ್ರೂ ಮಾಡೋರು ಬಂದಾಗ ಮಾಡ್ಲಿ," ಎಂದು ಹೊರಟುಹೋದರು.

ಆಮೇಲೂ ಜನ ಬಂದರು. ಕೆಲವರು ತಮ್ಮದನ್ನು ಒಯ್ದರು, ಕೆಲವರು ಅಲ್ಲೇ ಬಿಟ್ಟರು. ನಾನು ಬಾಗಿಲು ತೆಗೆಯುತ್ತಿದ್ದೆ, ಹಾಕುತ್ತಿದ್ದೆ.

ನನ್ನ ಗಂಡ ಹೋದದ್ದು ಮಂಗನ ಕಾಯಿಲೆಯಲ್ಲಿ. ಬೇಸಿಗೆ ಬಂತೆಂದರೆ ನಮ್ಮ ಮೂರೂ ತಾಲ್ಲೂಕುಗಳಲ್ಲಿ, ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ, ಈ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ಕಾಡಿನಲ್ಲಿ ಮಂಗ ಸತ್ತಿದೆ ಎಂದರೆ ಅದರ ಮೈಮೇಲಿನ ಉಣುಗು ಉದುರಿ ತರಗೆಲೆಯಲ್ಲಿ ಕಾದಿರುತ್ತದೆ. ಮನುಷ್ಯರಿಗೆ ಕಚ್ಚಿದರೆ ಜ್ವರ ಬರುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ ಕೊಟ್ಟು, ಸೊಪ್ಪಿನಬೆಟ್ಟದ ಕಾಡಿನ ಕಡೆ ಹೋಗಬೇಡಿ ಎಂದು ಹೇಳಿಹೋಗಿದ್ದಳು. ಇದ್ದಿಲು ಖಾಲಿಯಾಗಿತ್ತು. ಮಳೆಗಾಲದ ಮುಂಚೆ ಕತ್ತಿ ತಟ್ಟಿಸುವವರ ಸಾಲು ಶುರುವಾಗುವ ಸಮಯ. ಗುರುತಿನವರೊಬ್ಬರ ಬೆಟ್ಟದಲ್ಲಿ ಬಿದ್ದ ಒಣ ಕೊಂಬೆ ಆರಿಸಿ ಅಲ್ಲೇ ಗುಂಡಿಯಲ್ಲಿ ಸುಟ್ಟು ಇದ್ದಿಲು ಮಾಡಿಕೊಂಡು ಬರುವುದು ಅವರ ಪ್ರತಿವರ್ಷದ ಕ್ರಮ. ಎಣ್ಣೆ ಹಚ್ಚಿಕೊಂಡೇ ಹೋದರು. ಬಂದ ಮೇಲೆ ಮೊಣಕಾಲಿನ ಹಿಂದೆ ಒಂದು ಉಣುಗು ಸಿಕ್ಕಿತು. ಕಿತ್ತು ಒಲೆಗೆ ಹಾಕಿ ಸ್ನಾನಕ್ಕೆ ಹೋದರು.

ಒಂದು ವಾರ ಏನೂ ಆಗಲಿಲ್ಲ. ಆಮೇಲೆ ಜ್ವರ ಬಂತು, ತಲೆ ಒಡೆದುಹೋಗುವ ನೋವು. ಇಲ್ಲಿಯ ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಅದೇ ಎಂದು ಗೊತ್ತಾಯಿತು. ಘಾಟಿ ಇಳಿಸಿ ದೊಡ್ಡ ಆಸ್ಪತ್ರೆಗೆ ಒಯ್ದೆವು. ಒಸಡಿನಲ್ಲಿ ರಕ್ತ ಬರುತ್ತಿತ್ತು. ಡಾಕ್ಟರು, ನರ್ಸುಗಳು ಮಾಡುವುದನ್ನೆಲ್ಲ ಮಾಡಿದರು. ಘಾಟಿ ಹತ್ತಿ ವಾಪಸ್ ಬರುವಾಗ ಆಂಬುಲೆನ್ಸಿನಲ್ಲಿ ನಾನು ಅವರ ಪಕ್ಕದಲ್ಲಿ ಕೂತಿದ್ದೆ. ತಿರುವಿನಲ್ಲಿ ಅವರ ಕೈ ಜಾರಿ ಕೆಳಗೆ ಬಿತ್ತು. ಎತ್ತಿ ಮೇಲಿಟ್ಟೆ. ಮುಂದಿನ ತಿರುವಿನಲ್ಲಿ ಮತ್ತೆ ಬಿತ್ತು, ಮತ್ತೆ ಇಟ್ಟೆ. ಆ ದಾರಿಯಲ್ಲಿ ನನಗೆ ನೆನಪಿರುವುದು ಅಷ್ಟೇ.

ನಾನು ಅಳಲಿಲ್ಲ. ಅಳುವುದನ್ನು ತಡೆದುಕೊಂಡೆ ಎಂದಲ್ಲ. ತಡೆದುಕೊಳ್ಳುವುದಕ್ಕೆ ಒಳಗೆ ಏನೂ ಇರಲಿಲ್ಲ. "ಅತ್ತುಬಿಡು, ಹಗುರ ಆಗ್ತದೆ," ಎಂದು ಬಂದ ಹೆಂಗಸರೆಲ್ಲ ಹೇಳುತ್ತಿದ್ದರು. "ಹೂಂ," ಎನ್ನುತ್ತಿದ್ದೆ. ಚಹಾ ಕೊಟ್ಟರೆ ಕುಡಿಯುತ್ತಿದ್ದೆ. ಮಲಗು ಎಂದರೆ ಮಲಗುತ್ತಿದ್ದೆ, ನಿದ್ದೆಯೂ ಬರುತ್ತಿತ್ತು. ಅದೇ ಅವರಿಗೆ ಹೆದರಿಕೆ. ನಿಟ್ಟೂರಿನಿಂದ ನನ್ನ ಅಮ್ಮ ಬಂದು ಕೆಲವು ವಾರ ಇದ್ದಳು. ಅವಳೊಬ್ಬಳು ಅಳು ಎಂದು ಹೇಳಲಿಲ್ಲ. ತೀರ್ಥಹಳ್ಳಿಗೆ ಕೊಟ್ಟ ಮಗಳು ದಿನಾ ಫೋನು ಮಾಡಿ, "ಊಟ ಆಯ್ತಾ? ಎಂತ ಸಾರು?" ಎಂದು ಕೇಳುತ್ತಿದ್ದಳು. ಸಾರಿನ ಹೆಸರು ಹೇಳುತ್ತಿದ್ದೆ. ರುಚಿ ಹೇಗಿತ್ತು ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

"ಇಲ್ಲಿಗೇ ಬಾ ಅಮ್ಮ. ಅಲ್ಲೊಬ್ಬಳೇ ಎಂತ ಮಾಡ್ತೀಯ?"

"ಬರ್ತೀನಿ," ಎನ್ನುತ್ತಿದ್ದೆ. ಹೋಗಲಿಲ್ಲ. ಹೋಗಬಾರದು ಎಂದೇನೂ ಅಲ್ಲ. ಎದ್ದು ಬಸ್ಸು ಹತ್ತುವುದಕ್ಕೆ ಬೇಕಾದ್ದು ಏನೋ ಅದು ಇರಲಿಲ್ಲ.

ನನ್ನ ಮೈದುನ ಸಾಗರದಲ್ಲಿ ಗ್ಯಾಸ್ ಸ್ಟವ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಕುಕ್ಕರಿನ ಹಿಡಿ, ಸ್ಟವ್ವಿನ ಬರ್ನರು, ರಬ್ಬರು ಪೈಪು ನೇತಾಡುವ ಸಣ್ಣ ಅಂಗಡಿ. ಅಣ್ಣನಿಗಿಂತ ತುಂಬ ಚಿಕ್ಕವನು. ನಾನು ಮದುವೆಯಾಗಿ ಬಂದಾಗ ಶಾಲೆಗೆ ಹೋಗುತ್ತಿದ್ದ. ಕುಲುಮೆಯ ಹೊಗೆ ಅವನಿಗೆ ಆಗುತ್ತಿರಲಿಲ್ಲ, ಹಾಗಾಗಿ ಬೇರೆ ಕೆಲಸ ಕಲಿತ. ಅಣ್ಣ ಹೋದ ಮೇಲೆ ಭಾನುವಾರ ಭಾನುವಾರ ಬೈಕಿನಲ್ಲಿ ಬರುತ್ತಿದ್ದ. ಮಾತುಗಾರ ಅವನು. ಆದರೆ ಆ ದಿನಗಳಲ್ಲಿ ಬಂದು ನಮ್ಮ ಅಡಿಗೆಮನೆಯ ಸ್ಟವ್ವಿನ ಬರ್ನರ್ ಬಿಚ್ಚಿ ತೊಳೆದು ಕೂರಿಸುತ್ತಿದ್ದ. ಮುಂದಿನ ವಾರ ಮತ್ತೆ ಅದನ್ನೇ ಬಿಚ್ಚುತ್ತಿದ್ದ. ಅದರಲ್ಲಿ ಏನೂ ಕೆಟ್ಟಿರಲಿಲ್ಲ.

ಆಷಾಢದಲ್ಲಿ ಅವನು ಗುಜರಿಯವನೊಬ್ಬನನ್ನು ಕರೆದುಕೊಂಡು ಬಂದ. ನನಗೆ ಅನುಕೂಲವಾಗಲಿ ಎಂದೇ ಕರೆತಂದದ್ದು. ಒಳಗಿನ ಸಾಮಾನು ಕೊಟ್ಟರೆ ಮುಂದಿನ ಭಾಗವನ್ನು ಯಾರಿಗಾದರೂ ಅಂಗಡಿಗೆ ಬಾಡಿಗೆ ಕೊಡಬಹುದು ಎಂದು ಅವನ ಲೆಕ್ಕ. ಗುಜರಿಯವನು ಅಡಿಗಲ್ಲಿನ ಸುತ್ತ ಒಂದು ಸುತ್ತು ಬಂದು ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಿದ.

"ಇದು ಹಳೇ ಕಾಲದ್ದು. ಇಂಥದ್ದು ಈಗ ಸಿಗಲ್ಲ. ಇದನ್ನ ಮೊದ್ಲು ಎತ್ತಿಬಿಡಾಣ," ಎಂದ.

"ಅದು ಬೇಡ," ಎಂದೆ.

ಮೈದುನ ನನ್ನ ಮುಖ ನೋಡಿದ. ಅಷ್ಟು ತಿಂಗಳಲ್ಲಿ ಬೇಡ ಎಂಬ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಗುಜರಿಯವನಿಗೆ ಏನೋ ಹೇಳಿ ಕಳಿಸಿ ಬಂದು ಹೊಸ್ತಿಲ ಮೇಲೆ ಕೂತ.

"ಯಾಕೆ ಅತ್ತಿಗೆ?"

"ಗೊತ್ತಿಲ್ಲ ಮಾರಾಯ."

"ಇಟ್ಕೊಂಡು ಎಂತ ಮಾಡ್ತೀರಿ ಅದನ್ನ?"

"ಜನದ ಕತ್ತಿ ನೇತಾಡ್ತಾ ಇದೆಯಲ್ಲ. ತಟ್ಟಿ ಕೊಡ್ತೀನಿ."

ಹೀಗೆ ಹೇಳಬೇಕು ಎಂದು ನಾನು ಯೋಚಿಸಿರಲಿಲ್ಲ. ಆದರೆ ಹೇಳಿದ್ದು ಸುಳ್ಳಾಗಿರಲಿಲ್ಲ. ನಾನು ಹುಟ್ಟಿದ್ದೇ ಆಚಾರಿಗಳ ಮನೆಯಲ್ಲಿ. ನಿಟ್ಟೂರಿನಲ್ಲಿ ಅಪ್ಪ ಇಕ್ಕಳದಲ್ಲಿ ಕಬ್ಬಿಣ ಹಿಡಿದರೆ ಅಮ್ಮ ಒಲೆಗೆ ಗಾಳಿ ಊದುವ ತಿದಿ ಒತ್ತುತ್ತಿದ್ದಳು. ಚಮ್ಮಟಿಗೆ ಎತ್ತಿ ಎದುರು ಏಟು ಹಾಕುವುದಕ್ಕೂ ಅವಳೇ. ಅವಳಿಗೆ ಮೈ ಸರಿ ಇಲ್ಲದ ದಿನ ನಾನು. ಇಲ್ಲಿಗೆ ಬಂದ ಮೇಲೂ ಗಂಡನ ಎದುರು ನಿಂತು ಏಟು ಹಾಕಿದ್ದೇನೆ. ವೆಲ್ಡಿಂಗನ್ನು ಅವರೇ ಕಲಿಸಿದ್ದರು. ಇಕ್ಕಳ ಹಿಡಿಯುವ ಬದಿಯಲ್ಲಿ ಮಾತ್ರ ನಾನು ಯಾವತ್ತೂ ನಿಂತಿರಲಿಲ್ಲ.

ಮೈದುನ ಖಾಲಿ ಒಲೆಯ ಕಡೆ ನೋಡಿದ. "ಇದ್ದಿಲಿಗೆ?" ಎಂದ.

"ಬೆಟ್ಟಕ್ಕೆ ನಾನೂ ಹೋಗಲ್ಲ, ಯಾರನ್ನೂ ಕಳ್ಸಲ್ಲ."

ಅವನು ಹೊಸ್ತಿಲಿಂದ ಎದ್ದು ಹೇಳಿದ. "ಗ್ಯಾಸಲ್ಲಿ ಆಗ್ತದೆ. ನಾನು ಮೊಬೈಲಲ್ಲಿ ನೋಡಿದೀನಿ. ಸಣ್ಣ ಡಬ್ಬಿ ಥರ ಮಾಡ್ಕೊಂಡು ಅದರೊಳಗೆ ಕಬ್ಬಿಣ ಕಾಯಿಸ್ತಾರೆ. ಅಣ್ಣಂಗೂ ಒಂದ್ಸಲ ತೋರ್ಸಿದ್ದೆ."

"ಎಂತ ಅಂದ್ರು?"

"ನಕ್ಕರು. ಅದರಲ್ಲಿ ದೋಸೆ ಹುಯ್ಕೋ ಅಂದ್ರು."

ಶ್ರಾವಣದ ಭಾನುವಾರಗಳಲ್ಲಿ ನಾವಿಬ್ಬರೂ ಸೇರಿ ಅದನ್ನು ಕಟ್ಟಿದೆವು. ಡಬ್ಬಿಗೆಂದು ಅವನು ಸಾಗರದ ಫ್ರಿಜ್ ರಿಪೇರಿಯವರಿಂದ ಒಂದು ಖಾಲಿ ಸಿಲಿಂಡರ್ ತಂದ. ಫ್ರಿಜ್ಜಿಗೆ ಗ್ಯಾಸು ತುಂಬಿ ಮುಗಿದ ಮೇಲೆ ಎಸೆಯುವ, ಸಣ್ಣ ಕೊಡದಷ್ಟು ದೊಡ್ಡ ತೆಳು ಸಿಲಿಂಡರ್. ಅದರ ತುಂಬ ನೀರು ತುಂಬಿಸಿ ಒಂದು ದಿನ ಇಟ್ಟು, ನೀರು ಇರುವಾಗಲೇ ಗ್ರೈಂಡರಿನಿಂದ ಬಾಯಿ ಕತ್ತರಿಸಿ, ಆಮೇಲೆ ತಳವನ್ನೂ ತೆಗೆದ. ಒಳಗೆ ಉಳಿದ ಗ್ಯಾಸಿಗೆ ಕಿಡಿ ತಾಗಬಾರದು ಎಂದು ಹಾಗೆ. ಅಡ್ಡ ಮಲಗಿಸಿದರೆ ಎರಡೂ ಕಡೆ ಬಾಯಿ ಇರುವ ಒಂದು ಸಣ್ಣ ಗವಿ. ನಾನು ಅದಕ್ಕೆ ಹಳೇ ಗೇಟಿನ ಆಂಗಲ್ಲಿನಿಂದ ನಾಲ್ಕು ಕಾಲು ಬೆಸುಗೆ ಹಾಕಿದೆ. ಮೇಲ್ಭಾಗದಲ್ಲಿ ತೂತು ಕೊರೆದು ಬರ್ನರ್ ಕೂರಿಸುವ ಪೈಪಿನ ತುಂಡೊಂದನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಿದೆ. ನೆಟ್ಟಗೆ ನಿಲ್ಲಿಸಿದರೆ ಬೆಂಕಿ ನೇರ ಕಬ್ಬಿಣಕ್ಕೇ ಬಡಿಯುತ್ತದೆ, ಓರೆಯಾದರೆ ಒಳಗೋಡೆ ಸುತ್ತಿಕೊಂಡು ಬರುತ್ತದೆ ಎಂದು ಅವನು ಹೇಳಿದ್ದ.

ಒಳಗೆ ಹಾಸುವುದಕ್ಕೆ ಒಂದು ಥರದ ಬಿಳಿ ಉಣ್ಣೆ ಬೇಕಿತ್ತು. ಕುರಿಯದ್ದಲ್ಲ, ಬೆಂಕಿಗೆ ಸುಡದ ಸೆರಾಮಿಕ್ ಉಣ್ಣೆ. ಅವನು ಆನ್‌ಲೈನಿನಲ್ಲಿ ತರಿಸಿದ. ಕೊರಿಯರ್ ಹುಡುಗ ಪೊಟ್ಟಣವನ್ನು ನನ್ನ ಕೈಗೆ ಕೊಡುತ್ತ, "ಹಾಸಿಗೆಯಾ?" ಎಂದು ಕೇಳಿದ. ಅಷ್ಟು ಹಗುರ ಇತ್ತು. ಅದರ ಎಳೆ ಶ್ವಾಸಕ್ಕೆ ಹೋದರೆ ಕೆಟ್ಟದ್ದು ಎಂದು ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಕತ್ತರಿಸಿ ಸುರುಳಿ ಮಾಡಿ ಒಳಗೆ ತುರುಕಿದೆವು. ಆದರೂ ಮೊಣಕೈ ತನಕ ತುರಿಕೆ. ಅವನು ಕೆರೆದುಕೊಂಡು ಕೆರೆದುಕೊಂಡು ಸಾಕಾಗಿ ಬಾವಿಕಟ್ಟೆಗೆ ಓಡಿದ. ನನ್ನ ಕೈಯೂ ಕೆಂಪಾಗಿತ್ತು. ತುರಿಕೆ ಇದೆ ಎಂದು ಗೊತ್ತಾಗುತ್ತಿತ್ತು, ಕೆರೆಯಬೇಕು ಅನ್ನಿಸುತ್ತಿರಲಿಲ್ಲ. ಬೇರೆ ಯಾರದೋ ಕೈ ನೋಡಿದ ಹಾಗೆ ನೋಡುತ್ತಿದ್ದೆ.

ಉಣ್ಣೆಯ ಮೇಲೆ ಬೆಂಕಿ ತಡೆಯುವ ಸಿಮೆಂಟನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ ಬಳಿದೆವು. ತಳಕ್ಕೆ ಒಂದು ಬಿಳಿ ಇಟ್ಟಿಗೆ. ಅದು ಅಕ್ಕಿ ಮಿಲ್ಲಿನ ಬಾಯ್ಲರ್ ರಿಪೇರಿಯಲ್ಲಿ ಉಳಿದದ್ದು. ಬಳಿದದ್ದು ಪೂರ್ತಿ ಒಣಗುವ ತನಕ ಹೊತ್ತಿಸುವ ಹಾಗಿಲ್ಲ. ಶ್ರಾವಣದಲ್ಲಿ ನಮ್ಮೂರಲ್ಲಿ ಬಟ್ಟೆಯೇ ಒಣಗುವುದಿಲ್ಲ. ಡಬ್ಬಿಯೊಳಗೆ ಒಂದು ಬಲ್ಬು ಉರಿಸಿಟ್ಟು ವಾರಗಟ್ಟಲೆ ಕಾದೆವು. ಸಂಜೆ ಹೊತ್ತು ನಾನು ಹೋಗಿ ಒಳಗೆ ಬೆರಳಿಟ್ಟು ನೋಡಿ ಬರುತ್ತಿದ್ದೆ. ಬೇರೆ ಕೆಲಸವೂ ಇರಲಿಲ್ಲ.

ಬರ್ನರ್ ಮಾತ್ರ ಪೂರ್ತಿ ಅವನ ವಿದ್ಯೆ. ಮೊಳದುದ್ದದ ನೀರಿನ ಪೈಪು, ಅದರ ಹಿಂಬದಿಗೆ ಅಗಲ ಬಾಯಿಯ ರೆಡ್ಯೂಸರ್, ನಟ್ಟನಡುವೆ ಸ್ಟವ್ವಿನ ಹಿತ್ತಾಳೆ ಜೆಟ್ಟು. ಗ್ಯಾಸು ಆ ಸಣ್ಣ ತೂತಿನಿಂದ ಜೋರಾಗಿ ನುಗ್ಗುವಾಗ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೆ ತಿದಿ ಬೇಡ, ಬ್ಲೋವರ್ ಬೇಡ, ಕರೆಂಟೂ ಬೇಡ. ಮನೆಯ ಸಿಲಿಂಡರ್ ಇದಕ್ಕೆ ಬಳಸುವ ಹಾಗಿಲ್ಲವೆಂದು ಹೋಟೆಲಿನವರಿಗೆ ಕೊಡುವ ನೀಲಿ ಸಿಲಿಂಡರನ್ನೇ ನನ್ನ ಹೆಸರಿಗೆ ಮಾಡಿಸಿದ. ಅದನ್ನು ಗೋಡೆಯ ಆಚೆ ಇಟ್ಟು ದಪ್ಪ ಪೈಪು ಎಳೆದು, ಪ್ರತಿ ಸೇರುವೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೋ ಎಂದು ನೋಡಿದ. ನೋಡಿದ್ದನ್ನೇ ಮತ್ತೆ ನೋಡಿದ. ರಸ್ತೆ ಬದಿಯ ದೊಡ್ಡ ಬಾಗಿಲನ್ನು ಯಾವತ್ತೂ ತೆರೆದೇ ಇಡಬೇಕು, ಮುಚ್ಚಿದ ಜಾಗದಲ್ಲಿ ಇದು ಉರಿದರೆ ಕಾಣದ ವಿಷಗಾಳಿ ತುಂಬುತ್ತದೆ ಎಂದು ನನ್ನ ಹತ್ತಿರ ಬಾಯಿಪಾಠ ಒಪ್ಪಿಸಿಕೊಂಡ.

ಮೊದಲ ಸಲ ಹೊತ್ತಿಸಿದಾಗ ಬೆಂಕಿ ಹಳದಿಯಾಗಿ ನಾಲಿಗೆ ಚಾಚಿತು. ಮಸಿ ಬಂತು. ಅವನು ರೆಗ್ಯುಲೇಟರ್ ತಿರುಗಿಸಿದ. ಭುಸ್ ಎಂದು ಬೆಂಕಿ ಪೈಪಿನೊಳಗೇ ಹಿಂದಕ್ಕೆ ಹೋಯಿತು. ಅವನು ಹಾರಿ ಹೋಗಿ ಗ್ಯಾಸು ಬಂದ್ ಮಾಡಿದ. ನಾನು ನಿಂತಲ್ಲೇ ನಿಂತಿದ್ದೆ.

"ಹೆದ್ರಿಕೆ ಆಗ್ಲಿಲ್ವಾ ಅತ್ತಿಗೆ?"

"ಇಲ್ಲ."

"ಆಗ್ಬೇಕು," ಎಂದ. ಮುಖ ಬಿಳಿಚಿಕೊಂಡಿತ್ತು. "ನಿಮಗೆ ಹೆದ್ರಿಕೆ ಆಗ್ಲಿಲ್ಲ ಅಂದ್ರೆ ನಾನು ಇದನ್ನ ಇಲ್ಲಿ ಬಿಟ್ಟು ಹೋಗಲ್ಲ. ಹೊತ್ಕೊಂಡು ಹೋಗ್ತೀನಿ ಸಾಗರಕ್ಕೆ."

ಅವನು ಕೇಳಿದ್ದು ನ್ಯಾಯವಾಗಿಯೇ ಇತ್ತು. ಹೆದರಿಕೆಯನ್ನು ಎಲ್ಲಿಂದ ತರುವುದು ಎಂದು ನನಗೆ ಗೊತ್ತಿರಲಿಲ್ಲ. "ಹೆದ್ರಿಕೆ ಇಲ್ದಿದ್ರೂ ನೀನು ಹೇಳ್ದಂಗೆ ಮಾಡ್ತೀನಿ. ಒಂದೂ ತಪ್ಸಲ್ಲ," ಎಂದೆ. ಅವನು ಆಗಲಿ ಎಂದ.

ಜೆಟ್ಟು ಕೂದಲೆಳೆಯಷ್ಟು ಓರೆಯಾಗಿತ್ತಂತೆ. ಅದನ್ನು ಸರಿಮಾಡಿ, ಗಾಳಿಯ ಬಾಯಿಗೆ ಹಿಂದೆ ಮುಂದೆ ಸರಿಸುವ ಒಂದು ತಗಡಿನ ಬಳೆ ಹಾಕಿಕೊಂಡು ಮುಂದಿನ ಭಾನುವಾರ ಬಂದ. ಅವತ್ತು ಬೆಂಕಿ ನೀಲಿಯಾಗಿ ನಿಂತಿತು. ಸದ್ದು ಎಷ್ಟಿತ್ತೆಂದರೆ ರಸ್ತೆಯಲ್ಲಿ ಹೋಗುವ ಬಸ್ಸಿನ ಸದ್ದೂ ಕೇಳಲಿಲ್ಲ. ಒಳಗಿನ ಗೋಡೆ ಮೊದಲು ಕಂದು, ಆಮೇಲೆ ಕೆಂಪು, ಆಮೇಲೆ ಕಿತ್ತಳೆ. ಲಾರಿ ಪಟ್ಟಿಯ, ಎಂದರೆ ಲಾರಿಯ ಹಳೇ ಸ್ಪ್ರಿಂಗಿನ, ಒಂದು ತುಂಡು ಇಟ್ಟೆವು. ನಾವು ಒಂದು ಲೋಟ ಚಹಾ ಕುಡಿದು ಮುಗಿಸುವುದರೊಳಗೆ ಅದು ಗೋಡೆಯ ಬಣ್ಣವೇ ಆಗಿಹೋಯಿತು. ಇದ್ದಿಲಿನಲ್ಲಾದರೆ ಅಷ್ಟು ಹೊತ್ತಿಗೆ ಒಲೆ ಹೊತ್ತಿಕೊಳ್ಳುತ್ತಿತ್ತು ಅಷ್ಟೇ.

ಮೈದುನ ಅದನ್ನು ನೋಡುತ್ತ ನೋಡುತ್ತ ರಸ್ತೆ ಕಡೆ ತಿರುಗಿ ನಿಂತ. ಭುಜ ಅಲುಗುತ್ತಿತ್ತು. ಅಣ್ಣ ಹೋದಾಗ ಕಟ್ಟಿಗೆಗೆ, ಜನಕ್ಕೆ, ಓಡಾಟಕ್ಕೆ ಎಂದು ತಿರುಗುತ್ತಿದ್ದ ಅವನು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ನಾನು ಹತ್ತಿರ ಹೋಗಲಿಲ್ಲ. ರೆಗ್ಯುಲೇಟರಿನ ಮುಳ್ಳು ಅಲ್ಲಾಡದೆ ನಿಂತಿತ್ತು, ಅದನ್ನೇ ನೋಡಿಕೊಂಡಿದ್ದೆ. ಅವನು ಮುಖ ಒರೆಸಿಕೊಂಡು ಬಂದು, "ಗಾಳಿ ಸ್ವಲ್ಪ ಕಮ್ಮಿ ಮಾಡಾಣ," ಎಂದು ಬಳೆ ಸರಿಸಿದ.

ಕಾಯಿಸುವುದು ಸುಲಭವಾಯಿತು. ಮಿಕ್ಕದ್ದು ಸುಲಭ ಇರಲಿಲ್ಲ. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಸುತ್ತಿಗೆ. ಎದುರು ಏಟು ಹಾಕುವವರು ಇಲ್ಲ. ಮೊದಲ ತುಂಡು ಬಾಳೆಲೆಯ ಹಾಗೆ ಸೊಟ್ಟ ಹೋಯಿತು. ಎರಡನೆಯದು ಕತ್ತಿಯ ಆಕಾರಕ್ಕೆ ಬಂತು. ಅದಕ್ಕೆ ನೀರು ಕೊಟ್ಟಾಗ, ಎಂದರೆ ಕೆಂಪಗೆ ಕಾದ ಬಾಯನ್ನು ಗಟ್ಟಿಯಾಗಲಿ ಎಂದು ತೊಟ್ಟಿಯಲ್ಲಿ ಅದ್ದಿದಾಗ, ಟಿಣ್ ಎಂದು ಸಣ್ಣ ಸದ್ದು ಕೇಳಿತು. ಎತ್ತಿ ನೋಡಿದರೆ ಬಾಯಿಂದ ಬೆನ್ನಿನ ತನಕ ಬಿರುಕು. ಇನ್ನೊಂದು ಮಾಡಿದೆ, ಅದೂ ಬಿರಿಯಿತು. ಬೇಸರವಾಗಲಿಲ್ಲ. ಇನ್ನೊಂದು ತುಂಡು ಒಳಗಿಟ್ಟೆ. ಬೇಸರವಾಗದೆ ಇದ್ದದ್ದಕ್ಕೇ ನಾನು ಬಿಡದೆ ಮಾಡಿದೆನೇನೋ. ಸುಖವಾಗಿದ್ದ ಕಾಲದಲ್ಲಾಗಿದ್ದರೆ ಎಸೆದು ಎದ್ದುಹೋಗುತ್ತಿದ್ದೆ.

ಒಂದು ಶನಿವಾರ ಮಗಳು ತೀರ್ಥಹಳ್ಳಿಯಿಂದ ಬಂದಳು. ಅಪ್ಪಿಕೊಂಡವಳು ಹಿಂದೆ ಸರಿದು ನನ್ನ ತಲೆ ಮೂಸಿದಳು.

"ಅಮ್ಮ, ಎಂತ ಇದು? ಕೂದಲು ಸುಟ್ಟ ವಾಸನೆ."

ಕನ್ನಡಿಯಲ್ಲಿ ನೋಡಿದೆ. ಹಣೆಯ ಮೇಲಿನ ಕೂದಲು ಕರಟಿ ಗಂಟುಗಂಟಾಗಿತ್ತು, ಒಂದು ಹುಬ್ಬು ಅರ್ಧ ಇರಲಿಲ್ಲ. ಬಗ್ಗಿ ಡಬ್ಬಿಯೊಳಗೆ ನೋಡುವಾಗ ಅದರ ಬಾಯಿಂದ ಹೊರಬರುವ ಜಳ ತಾಗಿದ್ದಿರಬೇಕು. ಯಾವತ್ತು ತಾಗಿತು ಎಂದು ನನಗೆ ಗೊತ್ತಾಗಿರಲಿಲ್ಲ. ಮಗಳು ಚಿಕ್ಕಪ್ಪನಿಗೆ ಫೋನು ಮಾಡಿ ಜಗಳವಾಡಿದಳು. ಆಮೇಲೆ ನಿಟ್ಟೂರಿಗೂ ಫೋನು ಮಾಡಿದಳು. ಎರಡು ದಿನ ಬಿಟ್ಟು ನನ್ನ ಅಮ್ಮ ಬಸ್ಸಿಳಿದು ಬಂದಳು.

ಅಮ್ಮ ಕೈಕಾಲು ತೊಳೆದು ಸೀದಾ ಕುಲುಮೆಗೆ ಬಂದಳು. ಜೀವನಪೂರ್ತಿ ತಿದಿ ಒತ್ತಿ ಅವಳ ಬಲಭುಜ ಎಡಭುಜಕ್ಕಿಂತ ತಗ್ಗು. ನಾನು ಗ್ಯಾಸು ತಿರುಗಿಸಿ ಹೊತ್ತಿಸಿದೆ. ಸದ್ದಿಗೆ ಒಂದು ಹೆಜ್ಜೆ ಹಿಂದೆ ಹೋದವಳು, ಸುತ್ತ ಎಲ್ಲ ಕಡೆ ನೋಡಿ ಹಳೇ ಒಲೆಯ ಕಟ್ಟೆಯ ಮೇಲೆ ಕೂತಳು.

"ಗಾಳಿ ಯಾರು ಹಾಕ್ತಾರೆ ಇದಕ್ಕೆ?"

"ಅದೇ ಎಳ್ಕೊಳ್ತದೆ."

"ಹಂಗಾದ್ರೆ ನಂಗೆ ಎಂತ ಕೆಲಸ ಇಲ್ಲಿ?"

ಕೆಲಸ ಇತ್ತು. ಅವಳು ಕೂತಲ್ಲಿಂದಲೇ ನಾನು ಕಾಯಿಸಿ ತೆಗೆಯುವುದನ್ನು ನೋಡಿದಳು. ಬಿರುಕು ಬಿಟ್ಟ ಕತ್ತಿಗಳನ್ನು ಕೈಗೆ ತೆಗೆದುಕೊಂಡು ಬಿರುಕಿನ ಬದಿಯನ್ನು ಬಿಸಿಲಿಗೆ ಹಿಡಿದಳು. ಆಮೇಲೆ ಹೇಳಿದಳು. "ನೀನು ಒಳಗೆ ಇರೋವಾಗ ಬಣ್ಣ ನೋಡ್ತೀಯ. ಇದರ ಗೋಡೆನೇ ಇಷ್ಟು ಬೆಳ್ಳಗೆ ಉರೀತದೆ. ಅದರ ಮುಂದೆ ಕಬ್ಬಿಣ ಕಪ್ಪಾಗೇ ಕಾಣ್ತದೆ. ಇನ್ನೂ ಕಾಯ್ಲಿ ಅಂತ ನೀನು ಬಿಡ್ತೀಯ, ಅದು ಮಿತಿ ಮೀರಿ ಹೋಗ್ತದೆ. ಹೊರಗೆ ತೆಗೆದು ನೆರಳಲ್ಲಿ ಹಿಡಿದು ನೋಡು."

ನಾನು ಬೀಡಾ ಅಂಗಡಿಯ ಹಳೇ ಫ್ಲೆಕ್ಸ್ ಒಂದನ್ನು ತೊಟ್ಟಿಯ ಹತ್ತಿರ ಇಳಿಬಿಟ್ಟು ಮಬ್ಬು ಮಾಡಿಕೊಂಡೆ. ಹೊರಗೆ ತೆಗೆದು ಆ ನೆರಳಲ್ಲಿ ಹಿಡಿದಾಗ ನಿಜವಾದ ಬಣ್ಣ ಕಂಡಿತು. ಅಮ್ಮ ಹೇಳಿದ ಗಳಿಗೆಗೆ ಅದ್ದಿದೆ. ಸದ್ದು ಬರಲಿಲ್ಲ. ಅರ ಹಾಕಿ ಉಜ್ಜಿದೆ, ಅರ ಹಿಡಿಯದೆ ಜಾರಿತು. ಬಾಯಿ ಗಟ್ಟಿಯಾಗಿದೆ ಎಂದು ಅರ್ಥ. ಅಮ್ಮ ಹೂಂ ಎಂದಳು. ಅವಳು ಅದಕ್ಕಿಂತ ಹೆಚ್ಚು ಯಾವತ್ತೂ ಹೇಳಿದವಳಲ್ಲ.

ಅವತ್ತು ಮಧ್ಯಾಹ್ನ ಊಟ ಮಾಡುವಾಗ ಅಮ್ಮ ತಾನಾಗಿಯೇ ಮಾತು ತೆಗೆದಳು. "ನಿಮ್ಮಪ್ಪ ಹೋದಾಗ ನಂಗೆ ಎರಡು ಮಳೆಗಾಲ ಎಂತದೂ ಗೊತ್ತಾಗ್ಲಿಲ್ಲ. ಅಕ್ಕಿ ತೊಳೀತಿದ್ದೆ, ಹಾಕ್ತಿದ್ದೆ. ನೀವೆಲ್ಲ ನಾನು ಗಟ್ಟಿ ಇದೀನಿ ಅಂದ್ಕೊಂಡಿದ್ರಿ."

"ಆಮೇಲೆ?"

"ಆಮೇಲೆ ಎಂತ? ಗೊತ್ತಾಗಕ್ಕೆ ಶುರು ಆಯ್ತು. ಅದು ಇದಕ್ಕಿಂತ ಕಷ್ಟ."

ನಾನು ಮಜ್ಜಿಗೆ ಬಡಿಸಿದೆ. ಅವಳು ಹೇಳಿದ್ದು ಕೇಳಿಸಿತು, ಅರ್ಥವೂ ಆಯಿತು. ಅದು ನನಗೂ ಸಂಬಂಧಪಟ್ಟದ್ದು ಅನ್ನಿಸಲಿಲ್ಲ.

ಆ ವರ್ಷ ನಮಗೆ ಹಬ್ಬ ಇರಲಿಲ್ಲ, ಆಯುಧಪೂಜೆಯೂ ಇರಲಿಲ್ಲ. ಉಳಿದವರೆಲ್ಲ ವಾಹನ ತೊಳೆದು ಹೂವು ಹಾಕುವ ದಿನ ನಾನು ಬಾಗಿಲು ತೆರೆದು, ಗೋಡೆಯ ಮೊಳೆಯಿಂದ ಜನದ ಕತ್ತಿಗಳನ್ನು ಒಂದೊಂದಾಗಿ ಇಳಿಸಿ ಕೆಲಸ ಮಾಡಿದೆ. ಮೊಂಡಾದದ್ದನ್ನು ತಟ್ಟಿದೆ, ಮುಕ್ಕಾದದ್ದಕ್ಕೆ ಹೊಸ ಬಾಯಿ ತೆಗೆದೆ. ಗುದ್ದಲಿಗಳಿಗೆ ಲಾರಿ ಪಟ್ಟಿಯ ತುದಿ ಹಚ್ಚಿದೆ. ಜನ ಬಂದರು. ಗ್ಯಾಸಿನ ಡಬ್ಬಿಯನ್ನು ಬಗ್ಗಿ ನೋಡಿದರು, ಮೊಬೈಲಿನಲ್ಲಿ ಫೋಟೋ ತೆಗೆದರು. ಹೆಂಗಸಿನ ಕೈ ಎಂದು ಒಬ್ಬಿಬ್ಬರು ಅನುಮಾನ ಪಟ್ಟರು. ಕೆಲವರು ಪಾಪ ಎಂಬ ಮುಖ ಮಾಡಿಕೊಂಡು ಒಯ್ದರು. ನನಗೆ ಎರಡೂ ಒಂದೇ ಆಗಿತ್ತು.

ಮೊದಲು ಬಂದಿದ್ದ ನಗರದ ಕಡೆಯವರು ದೀಪಾವಳಿ ಕಳೆದ ಮೇಲೆ ಬಂದರು. ಅವರ ಹಳೇ ಕತ್ತಿ ತೀರಾ ತೆಳ್ಳಗಾಗಿತ್ತು. ಅದೇ ಅಳತೆಗೆ ಹೊಸದೇ ಮಾಡಿಟ್ಟಿದ್ದೆ. ಅವರು ಅದನ್ನು ಹಿಡಿದು ಅಂಗಳಕ್ಕೆ ಹೋಗಿ ಬಿದ್ದಿದ್ದ ಕೊಂಬೆಗೆ ಎರಡು ಏಟು ಹಾಕಿದರು. ಕೊಂಬೆ ತುಂಡಾಯಿತು. ವಾಪಸ್ ಬಂದು ಅಡಿಗಲ್ಲಿನ ಮೇಲಿಟ್ಟರು.

"ಕೆಲಸ ಚೆನ್ನಾಗಿದೆ. ಆದ್ರೂ ಅವರ ಕತ್ತಿ ಕೈಗೆ ಹಗುರ ಬರ್ತಿತ್ತು. ಇದು ಮುಂದೆ ಎಳೀತದೆ. ಅವರ ಕೈ ಬೇರೆ ಬಿಡಿ," ಎಂದರು.

ಬೇಕೆಂದು ನೋಯಿಸಿದ್ದಲ್ಲ. ಬೇರೆ ದಿನವಾದರೆ ಹೌದು ಎಂದು ಸುಮ್ಮನಿರುತ್ತಿದ್ದೆ. ಅವತ್ತು ಕಿವಿ ಬಿಸಿಯಾಯಿತು.

"ಅವರದ್ದೇ ಬೇಕು ಅಂದ್ರೆ ಅವರತ್ರ ಹೋಗಿ ಕೇಳಿ," ಎಂದೆ. "ಎಲ್ಲಿದ್ದಾರೆ ಅಂತ ನಿಮಗೆ ಗೊತ್ತಿದ್ರೆ ನಂಗೂ ಹೇಳಿ. ನಂಗೂ ಸುಮಾರು ಕೇಳಕ್ಕಿದೆ. ಎಲ್ಲ ಅರ್ಧ ಬಿಟ್ಟು ಹೋಗಿದ್ದಾರೆ. ಯಾವ ಕತ್ತಿ ಯಾರದ್ದು ಅಂತ ಒಂದು ಮಾತು ಹೇಳಿ ಹೋಗಿಲ್ಲ."

ನನ್ನ ಧ್ವನಿ ಎತ್ತರವಾಗಿತ್ತು. ಆಚೆ ಅಂಗಡಿಯವರು ತಲೆ ಹೊರಹಾಕಿ ನೋಡಿದರು. ನಾನು ಕತ್ತಿಯನ್ನು ಎತ್ತಿ ತೂಗಿ ನೋಡಿದೆ. ಗಿರಾಕಿ ಹೇಳಿದ್ದು ಸರಿ. ತುದಿಯ ಬೆನ್ನು ದಪ್ಪ ಬಿಟ್ಟಿದ್ದೆ, ಅದೇ ಮುಂದಕ್ಕೆ ಎಳೆಯುತ್ತಿತ್ತು. ಅದು ಸರಿ ಎಂದು ಗೊತ್ತಾದ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು.

"ಕೂತ್ಕೊಳ್ಳಿ ಅಲ್ಲಿ," ಎಂದು ಬೆಂಚು ತೋರಿಸಿದೆ.

ಗ್ಯಾಸು ತಿರುಗಿಸಿ ಹೊತ್ತಿಸಿದೆ. ಹಿಡಿ ಬಿಚ್ಚಿ ಕತ್ತಿಯನ್ನು ಒಳಗಿಟ್ಟು, ಅದು ಕಾಯುವ ತನಕ ನಿಂತಲ್ಲಿ ನಿಲ್ಲಲಾಗದೆ ಸುತ್ತಿಗೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತಿದ್ದೆ. ಸಿಟ್ಟು ಮೈಯಲ್ಲಿ ಹೀಗೆ ಇರುತ್ತದೆ ಎನ್ನುವುದೇ ಮರೆತುಹೋಗಿತ್ತು. ತೆಗೆದು ಬೆನ್ನನ್ನು ತೆಳ್ಳಗೆ ಎಳೆದೆ. ಮತ್ತೆ ಕಾಯಿಸಿದೆ, ಮತ್ತೆ ಎಳೆದೆ. ನೆರಳಲ್ಲಿ ಹಿಡಿದು ಬಣ್ಣ ನೋಡಿ ನೀರು ಕೊಟ್ಟೆ. ಆಮೇಲೆ ತೀರಾ ಪೆಡಸಾಗದಂತೆ ಸಣ್ಣ ಬಿಸಿಗೆ ಹಿಡಿದು ಹದ ಇಳಿಸಿ, ಹಿಡಿ ಹಾಕಿ, ಕಲ್ಲಿಗೆ ಉಜ್ಜಿದೆ. ಅವರು ಅಷ್ಟು ಹೊತ್ತೂ ಬೆಂಚಿನ ಮೇಲೆ ಕೈ ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು. ಕತ್ತಿ ಕೊಟ್ಟಾಗ ಎದ್ದು ಒಮ್ಮೆ ಗಾಳಿಯಲ್ಲಿ ಬೀಸಿದರು.

"ಈಗ ಸರಿ ಆಯ್ತು," ಎಂದರು. ಬಾಗಿಲ ಹತ್ತಿರ ಹೋಗಿ ನಿಂತು, "ತಪ್ಪು ತಿಳ್ಕೋಬೇಡಿ," ಎಂದರು.

"ಇಲ್ಲ," ಎಂದೆ.

ಸಂಜೆ ಮೈದುನನಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದೆ. ನಾನಾಗಿ ಅವನಿಗೆ ಫೋನು ಮಾಡುತ್ತಿದ್ದುದು ಅಪರೂಪ. ಹಿಂದೆ ಅವನ ಅಂಗಡಿಯಲ್ಲಿ ಯಾರೋ ಕುಕ್ಕರಿನ ಮುಚ್ಚಳ ತಿರುವುತ್ತಿದ್ದ ಸದ್ದು ಕೇಳುತ್ತಿತ್ತು.

"ನೀವು ಬೈದ್ರಾ ಅತ್ತಿಗೆ?" ಎಂದ.

"ಬೈದೆ."

ಆಮೇಲೆ ಸಿಲಿಂಡರಿನಲ್ಲಿ ಗ್ಯಾಸು ಎಷ್ಟಿದೆ ಎಂದು ಕೇಳಿದ. ಅಲುಗಾಡಿಸಿ ನೋಡಿ ಹೇಳುತ್ತೇನೆ ಎಂದು ಫೋನು ಹಿಡಿದುಕೊಂಡೇ ಗೋಡೆಯ ಆಚೆಗೆ ಹೋದೆ.